ವಜ್ರಕ್ಕೆ ತವರು ಯಾವುದು?

ಅಂಗಡಿಯ ಗಾಜಿನ ಮೇಜಿನ ಮೇಲೆ ಒಂದು ಪುಟ್ಟ ಪದಕ. ಎಳೆಯಂಥ ಚಿನ್ನದ ಸರ, ನಡುವೆ ಒಂದೇ ಒಂದು ಹರಳು. ಹೂವಿಲ್ಲ, ಬಳ್ಳಿಯಿಲ್ಲ. ಪಿಯುಸಿ ಮುಗಿಸಿದ ಮಗಳಿಗೆ ಉಡುಗೊರೆ ಕೊಡಿಸಲು ಬಂದ ತಾಯಿಗೆ ಬೆಲೆ ಕೇಳಿ ಅಚ್ಚರಿ. ‘ಲ್ಯಾಬ್‌ನಲ್ಲಿ ಬೆಳೆಸಿದ ವಜ್ರ ಅಮ್ಮಾ, ಅದಕ್ಕೇ ಅಗ್ಗ’ ಎನ್ನುತ್ತಾನೆ ಅಂಗಡಿಯಾತ. ‘ಅಂದರೆ ನಕಲಿ ಅನ್ನಿ’ ಎಂದು ತಾಯಿ ಎದ್ದೇಬಿಡುತ್ತಾರೆ. ‘ನಕಲಿ ಅಲ್ಲಮ್ಮ, ಅದೂ ಇಂಗಾಲವೇ’ ಎಂದು ಮಗಳು ಕೈಹಿಡಿದು ಕೂರಿಸುತ್ತಾಳೆ. ಸರಿ ಯಾರದು?

ವಜ್ರವೆಂದರೆ ಶುದ್ಧ ಇಂಗಾಲ. 1797ರಲ್ಲಿ ಸ್ಮಿತ್‌ಸನ್ ಟೆನೆಂಟ್ ಎಂಬ ಇಂಗ್ಲಿಷ್ ರಸಾಯನ ವಿಜ್ಞಾನಿ ವಜ್ರವನ್ನು ಸುಟ್ಟೇ ಇದನ್ನು ತೋರಿಸಿಕೊಟ್ಟ. ಭೂಮಿಯ ಒಡಲಲ್ಲಿ, 150 ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ವಿಪರೀತ ಒತ್ತಡ ಮತ್ತು ಶಾಖದಲ್ಲಿ ಅದು ಹರಳುಗಟ್ಟುತ್ತದೆ. ಹೆಚ್ಚಿನ ನಿಸರ್ಗದತ್ತ ವಜ್ರಗಳ ವಯಸ್ಸು ನೂರು ಕೋಟಿ ವರ್ಷಕ್ಕೂ ಮಿಗಿಲು.

ಈ ಕೆಲಸವನ್ನು ಮನುಷ್ಯ ಎರಡು ಬಗೆಯಲ್ಲಿ ಮಾಡುತ್ತಾನೆ. ಮೊದಲನೆಯದು ಭೂಮಿಯ ದಾರಿಯೇ. ಸುಮಾರು 50 ಸಾವಿರ ವಾಯುಭಾರದ ಒತ್ತಡ, 1,400 ಡಿಗ್ರಿಯಷ್ಟು ಶಾಖ. ಕರಗಿದ ಲೋಹದ ಮೂಲಕ ಇಂಗಾಲ ಹರಿದು ಬಂದು ಬೀಜದ ಹರಳಿಗೆ ಅಂಟುತ್ತದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಟ್ರೇಸಿ ಹಾಲ್ ಇಂಥ ಒತ್ತುಯಂತ್ರದಿಂದ ವಜ್ರ ತೆಗೆದದ್ದು 1954ರ ಡಿಸೆಂಬರ್‌ನಲ್ಲಿ. ಎರಡನೆಯದರಲ್ಲಿ ಭಾರೀ ಒತ್ತಡ ಬೇಕಿಲ್ಲ. ನಿರ್ವಾತ ಕೋಣೆಯಲ್ಲಿ ಮೀಥೇನ್ ಮತ್ತು ಜಲಜನಕವನ್ನು ಮೈಕ್ರೋವೇವ್‌ನಿಂದ ಕಾಯಿಸಿದರೆ ಇಂಗಾಲದ ಪರಮಾಣುಗಳು ಬಿಡಿಬಿಡಿಯಾಗಿ, ತೆಳು ವಜ್ರದ ಬಿಲ್ಲೆಯ ಮೇಲೆ ಪದರ ಪದರವಾಗಿ ಕೂರುತ್ತವೆ. ಕೆಲವು ವಾರಗಳಲ್ಲಿ ಹರಳು ಸಿದ್ಧ.

ಇದು ವಜ್ರವೇ ಎನ್ನಲು ಬೆಂಗಳೂರಿನ ನಂಟಿರುವ ಸಾಕ್ಷಿಯೊಂದಿದೆ. ಸರ್ ಸಿ.ವಿ. ರಾಮನ್ ಇದೇ ಊರಿನಲ್ಲಿ ವರ್ಷಗಟ್ಟಲೆ ವಜ್ರಗಳನ್ನು ಅಭ್ಯಾಸ ಮಾಡಿದವರು. ಅವರ ಹೆಸರಿನ ರಾಮನ್ ಪರಿಣಾಮದಿಂದ ಪರೀಕ್ಷಿಸಿದರೆ ಗಣಿಯ ವಜ್ರವೂ ಲ್ಯಾಬ್ ವಜ್ರವೂ ಒಂದೇ ಗುರುತು ತೋರುತ್ತವೆ. ‘ಅಮೆರಿಕನ್ ಡೈಮಂಡ್’ ಹಾಗಲ್ಲ. ಅದು ಜಿರ್ಕೋನಿಯಂ ಆಕ್ಸೈಡ್, ವಜ್ರವೇ ಅಲ್ಲ. ಗಣಿಯದೋ ಲ್ಯಾಬಿನದೋ ಎಂಬುದನ್ನು ಬರಿಗಣ್ಣಿನಲ್ಲಿ ಹೇಳಲಾಗದು. ಹರಳು ಬೆಳೆದ ಬಗೆ, ಒಳಗಿನ ಸಾರಜನಕ ಇವುಗಳನ್ನು ಉಪಕರಣಗಳಿಂದ ನೋಡಿಯೇ ಪ್ರಯೋಗಾಲಯಗಳು ತೀರ್ಮಾನಿಸುತ್ತವೆ.

ಅಲ್ಲಿಗೆ ಮಗಳ ಮಾತು ಸರಿ. ತಾಯಿಯ ಅನುಮಾನ ಮಾತ್ರ ಪೂರ್ತಿ ತಪ್ಪಲ್ಲ. ಗಣಿಯಿಂದ ಬರುವುದಕ್ಕೆ ಮಿತಿಯಿದೆ. ಕಾರ್ಖಾನೆಯಲ್ಲಿ ಬೇಕಾದಷ್ಟು ಬೆಳೆಸಬಹುದು. ಹಾಗಾಗಿ ಬೆಲೆ ಇಳಿಯುತ್ತ ಬಂದಿದೆ. ಗಣಿಗಳ ದೊಡ್ಡ ಕಂಪೆನಿ ಡಿ ಬೀರ್ಸ್ 2018ರಲ್ಲಿ ಕ್ಯಾರೆಟ್‌ಗೆ 800 ಡಾಲರಿನಂತೆ ಲ್ಯಾಬ್ ವಜ್ರದ ಆಭರಣ ಮಾರಲು ತೊಡಗಿ, 2025ರಲ್ಲಿ ಆ ವ್ಯಾಪಾರವನ್ನು ಮುಚ್ಚುವುದಾಗಿ ಸಾರಿತು. ಆಪತ್ತಿಗಾದೀತು ಎಂದು ಚಿನ್ನ ಕೊಳ್ಳುವ ಲೆಕ್ಕ ಇಲ್ಲಿ ನಡೆಯದು. ಇದು ತೊಡುವುದಕ್ಕೆ, ಕೂಡಿಡುವುದಕ್ಕಲ್ಲ.

ತೊಡುವುದಾದರೆ ಸರಳ ಪದಕ ಒಳ್ಳೆಯದೇ. ಅರ್ಧ ಕ್ಯಾರೆಟ್ ಎಂದರೆ 100 ಮಿಲಿಗ್ರಾಂ. ದುಂಡು ಹರಳಿಗೆ ಸುಮಾರು 5 ಮಿಲಿಮೀಟರ್ ಅಗಲ. ನಾಲ್ಕು ಹಲ್ಲುಗಳಿಂದ ಹಿಡಿಸಿದರೆ ಹೊಳಪು ಹೆಚ್ಚು, ಆದರೆ ಅವು ಬಟ್ಟೆಗೆ ಸಿಕ್ಕಿಕೊಂಡಾವು. ಸುತ್ತ ತೆಳು ಚಿನ್ನದ ಅಂಚು ಮಡಿಚಿ ಕೂರಿಸಿದರೆ ದಿನವೂ ಕಾಲೇಜಿಗೆ ಹೋಗುವವರಿಗೆ ಭದ್ರ. ಚಿನ್ನಕ್ಕೆ ಹಾಲ್‌ಮಾರ್ಕ್, ಹರಳಿಗೆ ‘ಲ್ಯಾಬ್‌ನಲ್ಲಿ ಬೆಳೆಸಿದ್ದು’ ಎಂದು ಸ್ಪಷ್ಟವಾಗಿ ಬರೆದ ಪ್ರಮಾಣಪತ್ರ, ಎರಡನ್ನೂ ಕೇಳಿ ಪಡೆಯಬೇಕು. ಬಿಲ್ಲಿನಲ್ಲೂ ಅದೇ ಮಾತಿರಲಿ.

ವಿದ್ಯಾರ್ಥಿಗಳಿಗೆ ಇದರಲ್ಲಿ ಆಭರಣಕ್ಕಿಂತ ದೊಡ್ಡ ವಿಷಯವಿದೆ. ವಜ್ರ ತಾಮ್ರಕ್ಕಿಂತ ಹಲವು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಎಲೆಕ್ಟ್ರಾನಿಕ್ಸ್‌ನವರ ಕಣ್ಣು ಅದರ ಮೇಲಿದೆ. 2023ರಲ್ಲಿ ಕೇಂದ್ರ ಸರ್ಕಾರ ಮದರಾಸಿನ ಐಐಟಿಗೆ ಈ ಸಂಶೋಧನೆಗೆಂದು ಐದು ವರ್ಷಕ್ಕೆ ಸುಮಾರು 242 ಕೋಟಿ ರೂಪಾಯಿ ಮಂಜೂರು ಮಾಡಿತು. ಪಠ್ಯದಲ್ಲಿ ಇಂಗಾಲದ ಬಹುರೂಪಗಳ ಪಾಠವನ್ನು ಬಾಯಿಪಾಠ ಮಾಡಿ ಮರೆಯುವವರು ಇದನ್ನು ಗಮನಿಸಬೇಕು.

ಅಂಗಡಿಯಲ್ಲಿ ತಾಯಿ ಪದಕವನ್ನು ಮತ್ತೆ ಕೈಗೆತ್ತಿಕೊಂಡಿದ್ದಾರೆ. ಉಳಿದ ಹಣ ಮಗಳ ಕಾಲೇಜಿನ ಫೀಸಿಗಾಯಿತು ಎಂಬ ಲೆಕ್ಕ ಅವರ ಮನಸ್ಸಿನಲ್ಲಿ ಆಗಲೇ ನಡೆದಿದೆ.