ಮನೆಯೇ ಪರೀಕ್ಷಾಲಯವಾಗಲಿ

ಬೆಳಗ್ಗೆ ಎದ್ದ ಮಗುವಿನ ಕಣ್ಣುರೆಪ್ಪೆ ಊದಿದ್ದರೆ ನಿದ್ದೆ ಹೆಚ್ಚಾಯಿತೆಂದೂ, ಕೆನ್ನೆ ತುಂಬಿಕೊಂಡರೆ ಮೈ ಹಿಡಿಯಿತೆಂದೂ ಹಿರಿಯರು ಸಮಾಧಾನಪಡುವುದುಂಟು. ಆದರೆ ಎರಡರಿಂದ ಆರು ವರ್ಷದೊಳಗಿನ ಮಕ್ಕಳಲ್ಲಿ ಇಂತಹ ಊತವು ನೆಫ್ರಾಟಿಕ್ ಸಿಂಡ್ರೋಮ್ ಎಂಬ ಮೂತ್ರಪಿಂಡದ ವ್ಯಾಧಿಯ ಮೊದಲ ಕುರುಹಾಗಿರಬಹುದು.

ಮನುಷ್ಯನ ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಜರಡಿಗಳಿವೆ. ವಯಸ್ಕನ ಎರಡು ಮೂತ್ರಪಿಂಡಗಳೂ ಸೇರಿ ದಿನಕ್ಕೆ ಸುಮಾರು 180 ಲೀಟರು ದ್ರವವನ್ನು ರಕ್ತದಿಂದ ಸೋಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಕಳುಹಿಸಿ, ಉಳಿದುದನ್ನು ರಕ್ತಕ್ಕೇ ಮರಳಿಸುತ್ತವೆ. ಆಲ್ಬುಮಿನ್ ಎಂಬ ಪ್ರೋಟೀನನ್ನು ಈ ಜರಡಿ ಬಹುಮಟ್ಟಿಗೆ ತಡೆಹಿಡಿಯುತ್ತದೆ. ವ್ಯಾಧಿ ತಗುಲಿದಾಗ ತಡೆ ಸಡಿಲವಾಗಿ ಆಲ್ಬುಮಿನ್ ಮೂತ್ರದೊಡನೆ ಸೋರಿಹೋಗುತ್ತದೆ, ಮೂತ್ರ ನೊರೆನೊರೆಯಾಗುತ್ತದೆ, ಉಪ್ಪೂ ನೀರೂ ಶರೀರದಲ್ಲಿ ನಿಂತು ಮುಖ, ಹೊಟ್ಟೆ, ಕಾಲುಗಳು ಬಾತುಕೊಳ್ಳುತ್ತವೆ.

ಇಂತಹ ಮಕ್ಕಳಲ್ಲಿ ಹತ್ತಕ್ಕೆ ಎಂಟರಷ್ಟಾದರೂ ಪ್ರೆಡ್ನಿಸೋಲೋನ್ ಔಷಧದಿಂದ ಚೇತರಿಸಿಕೊಳ್ಳುವರೆಂಬುದು ಸಂತೋಷದ ಸಂಗತಿ. ಆದರೆ ಹೆಚ್ಚಿನವರಲ್ಲಿ ರೋಗವು ಮತ್ತೆ ಮರುಕಳಿಸುತ್ತದೆ. ಅದರ ಸುಳಿವು ಮುಖಕ್ಕಿಂತ ಮೊದಲು ಮೂತ್ರದಲ್ಲಿ ದೊರೆಯುವುದರಿಂದ, ಕಾವಲು ಮನೆಯಲ್ಲಿಯೇ ಇರಬೇಕೆಂಬುದು ನಮ್ಮ ವಾದ.

1827ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟನು ಊತದ ರೋಗಿಗಳ ವಿಚಾರವನ್ನು ಪ್ರಕಟಿಸಿದನು. ಅವರ ಮೂತ್ರವನ್ನು ಚಮಚದಲ್ಲಿ ಹಿಡಿದು ಮೇಣದ ಬತ್ತಿಯ ಮೇಲೆ ಕಾಯಿಸಿ, ಅದು ಹೆಪ್ಪುಗಟ್ಟುವುದನ್ನು ಕಂಡಿದ್ದನು. ಇಂದು ಅಷ್ಟು ಶ್ರಮವೂ ಬೇಡ. ಮೂತ್ರದಲ್ಲಿ ಅದ್ದಿದ ಪರೀಕ್ಷಾಪಟ್ಟಿ ಹಳದಿಯಿಂದ ಹಸಿರಿಗೆ ತಿರುಗಿದರೆ ಪ್ರೋಟೀನು ಇದೆಯೆಂದು ಅರ್ಥ.

ವೈದ್ಯರ ಕೆಲಸವನ್ನು ತಾಯಿತಂದೆಗಳಿಗೆ ವಹಿಸುವುದು ತರವೇ ಎಂದು ಕೆಲವರು ಕೇಳಿಯಾರು. ಜ್ವರ ಅಳೆಯುವ ಥರ್ಮಾಮೀಟರು ಮನೆಮನೆಗೂ ಬಂದಿಲ್ಲವೆ? ಬೆಳಗಿನ ಮೂತ್ರವನ್ನು ಪರೀಕ್ಷಿಸಿ ಫಲಿತಾಂಶವನ್ನು ಪುಸ್ತಕದಲ್ಲಿ ಬರೆದಿಟ್ಟರೆ, ಮೂರು ದಿನ ಎಡೆಬಿಡದೆ ಪ್ರೋಟೀನು ಬಹಳವಾಗಿ ಕಂಡಾಗ ವೈದ್ಯರ ಬಳಿಗೆ ಹೋಗಬಹುದು. ಜ್ವರ ಅಥವಾ ಹೊಟ್ಟೆನೋವು ಬಂದರಂತೂ ಕಾಯಲಾಗದು. ಈ ಮಕ್ಕಳಿಗೆ ಸೋಂಕೇ ದೊಡ್ಡ ಶತ್ರು. ಊತ ಇಳಿಯಿತೆಂದು ಔಷಧವನ್ನು ತಾವಾಗಿ ನಿಲ್ಲಿಸುವುದೂ ಅಪಾಯಕರ. ಊತವಿರುವಾಗ ಉಪ್ಪನ್ನು ಕಡಮೆ ಮಾಡಬೇಕೇ ಹೊರತು, ಹಾಲು ಬೇಳೆಗಳನ್ನು ಬಿಡಿಸಿ ಮಗುವನ್ನು ಸೊರಗಿಸಕೂಡದು.

ಆದುದರಿಂದ ಗುಳಿಗೆಯ ಚೀಟಿ ಬರೆಯುವ ವೈದ್ಯರು ಪರೀಕ್ಷಾಪಟ್ಟಿಯನ್ನೂ ಅದರಲ್ಲಿಯೇ ಬರೆಯಲಿ. ಬಡವರ ಮಕ್ಕಳಿಗೆ ಸರ್ಕಾರಿ ಆರೋಗ್ಯಕೇಂದ್ರಗಳು ಅದನ್ನು ಉಚಿತವಾಗಿ ಒದಗಿಸಲಿ. ಔಷಧ ಕೊಟ್ಟು ಕಾವಲನ್ನು ಕೊಡದಿದ್ದರೆ ಚಿಕಿತ್ಸೆ ಅರ್ಧವೇ ಆದಂತೆ.