ಅವಿರೋಧ ಆಯ್ಕೆ ಎಂಬ ಆತ್ಮವಂಚನೆ

ನಿಮ್ಮ ಕ್ಷೇತ್ರದ ಶಾಸಕರು ಯಾರೆಂದು ಕೇಳಿದರೆ ಥಟ್ಟನೆ ಹೇಳುತ್ತೀರಿ. ಅವರು ಎಷ್ಟು ಮತಗಳಿಂದ ಗೆದ್ದರೆಂಬುದೂ ನಿಮಗೆ ನೆನಪಿರಬಹುದು. ಆದರೆ ನಿಮ್ಮ ಬೀದಿಯ ಸರ್ಕಾರಿ ಶಾಲೆಯ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷರು ಯಾರು? ಅವರನ್ನು ಆರಿಸಿದವರು ಯಾರು? ಯಾವ ದಿನ, ಯಾವ ಸಭೆಯಲ್ಲಿ? ಈ ಪ್ರಶ್ನೆಗಳಿಗೆ ನಮ್ಮಲ್ಲಿ ಬಹುಮಂದಿಯ ಉತ್ತರ ಮೌನವೇ ಆಗಿದೆ. ಆ ಮೌನದ ವಿರುದ್ಧ ಈ ಲೇಖನ.

ಎಸ್‌ಡಿಎಂಸಿ ಎಂದು ನಾವು ಕರೆಯುವ ಈ ಸಮಿತಿ ಕರ್ನಾಟಕದಲ್ಲಿ 2001ರಲ್ಲಿ ರೂಪುಗೊಂಡಿತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು ತನ್ನ 21ನೆಯ ಕಲಮಿನಲ್ಲಿ ಇಂತಹ ಸಮಿತಿಗೆ ಶಾಸನದ ಬಲವನ್ನೇ ಕೊಟ್ಟಿತು. ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ದುರ್ಬಲ ವರ್ಗಗಳ ಮಕ್ಕಳ ತಂದೆತಾಯಿಗಳಿಗೆ ತಕ್ಕ ಪ್ರಮಾಣದ ಸ್ಥಾನವಿರಬೇಕು. ಶಾಲೆಯ ಕೆಲಸಕಾರ್ಯಗಳನ್ನು ಗಮನಿಸುವುದು, ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವುದು, ಬಂದ ಅನುದಾನ ಹೇಗೆ ಖರ್ಚಾಯಿತೆಂದು ನೋಡುವುದು ಇದರ ಹೊಣೆ. ಕೂಲಿ ಮಾಡುವ ತಾಯಿಯೊಬ್ಬಳು ಮುಖ್ಯೋಪಾಧ್ಯಾಯರ ಎದುರು ಕುಳಿತು ಲೆಕ್ಕ ಕೇಳುವ ಅಧಿಕಾರವನ್ನು ಈ ದೇಶದ ಸಂಸತ್ತು ಆಕೆಗೆ ಕೊಟ್ಟಿದೆ. ನಾವು ಅದನ್ನು ಏನು ಮಾಡಿದ್ದೇವೆ?

ಕೆಲವು ವರ್ಷಗಳ ಹಿಂದೆ ಹರಿಹರದಲ್ಲಿ ನಡೆದುದನ್ನು ಹೇಳುತ್ತೇನೆ. ನಮ್ಮ ನೆರೆಯ ಸಹೋದರಿಯೊಬ್ಬರು ದಾವಣಗೆರೆ ನಗರದ ಖಾಸಗಿ ಶಾಲೆಯೊಂದರಲ್ಲಿ ಅಧ್ಯಾಪಕಿ. ಪ್ರತಿದಿನ ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ಸಂಜೆ ಮರಳುವವರು. ತಮ್ಮ ಮಗಳನ್ನು ಮಾತ್ರ ಹರಿಹರದ ಸರ್ಕಾರಿ ಪ್ರಾಥಮಿಕ ಶಾಲೆಗೇ ಸೇರಿಸಿದ್ದರು. ನನ್ನ ಮಗನೂ ಅದೇ ಶಾಲೆಯಲ್ಲಿದ್ದ. ಸಮಿತಿಯ ಅವಧಿ ಮುಗಿದು ಹೊಸ ಆಯ್ಕೆಯ ನೋಟೀಸು ಬಂದಾಗ ಅವರು, "ನಾನು ನಿಲ್ಲುತ್ತೇನೆ" ಎಂದರು. ಮಕ್ಕಳಿಗೆ ಓದು ಏಕೆ ಹತ್ತುತ್ತಿಲ್ಲ, ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಏಕಿಲ್ಲ ಎಂಬ ಎರಡೇ ಪ್ರಶ್ನೆಗಳು ಅವರ ಕೈಯಲ್ಲಿದ್ದವು.

ಸಭೆಯ ಹಿಂದಿನ ಸಂಜೆ ಬೀದಿಯ ಹಿರಿಯರೊಬ್ಬರು ಅವರ ಮನೆಗೆ ಬಂದರು. "ಟೀಚರಮ್ಮಾರೆ, ನಿಮಗ್ಯಾಕ್ರೀ ಈ ಉಸಾಬರಿ? ಹೆಸರು ಆಗ್ಲೇ ಬರ್ದಾಗೈತಿ. ಶಾಲ್ಯಾಗ ರಾಜಕೀಯ ಬ್ಯಾಡ" ಎಂದರು. ಮರುದಿನ ಇಪ್ಪತ್ತು ನಿಮಿಷದಲ್ಲಿ ಸಭೆ ಮುಗಿಯಿತು. ಪಟ್ಟಿ ಓದಿದರು, ಚಪ್ಪಾಳೆ ತಟ್ಟಿದರು, 'ಅವಿರೋಧ ಆಯ್ಕೆ' ಎಂದು ನಡಾವಳಿ ಪುಸ್ತಕದಲ್ಲಿ ಬರೆದರು. ಆ ಅಧ್ಯಾಪಕಿ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದರು. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ.

ಶಾಲೆಯಲ್ಲಿ ರಾಜಕೀಯ ಬೇಡವೆಂಬ ಮಾತು ಕೇಳಲು ಹಿತವಾಗಿದೆ. ಆದರೆ ಹಿಂದಿನ ರಾತ್ರಿಯೇ ಯಾರದೋ ಜಗಲಿಯ ಮೇಲೆ ಹೆಸರುಗಳ ಪಟ್ಟಿ ತಯಾರಾದಾಗ ರಾಜಕೀಯ ಶಾಲೆಯೊಳಗೆ ಬಂದಾಗಿತ್ತು. ಹೊರಗುಳಿದವರು ಮತದಾರರು ಮಾತ್ರ! ಒಮ್ಮತ ಒಳ್ಳೆಯದೇ. ಎಲ್ಲರೂ ಮಾತನಾಡಿ, ಚರ್ಚಿಸಿ, ಕೊನೆಗೆ ಒಬ್ಬರನ್ನು ಒಪ್ಪಿದರೆ ಅದು ಒಮ್ಮತ. ಯಾರೂ ಬಾಯಿ ತೆರೆಯದಂತೆ ನೋಡಿಕೊಂಡು ಪಡೆದ ಒಪ್ಪಿಗೆಗೆ ಆ ಹೆಸರು ಸಲ್ಲದು. ಪಟ್ಟಿಯಲ್ಲಿ ಅರ್ಧದಷ್ಟು ಮಹಿಳೆಯರ ಹೆಸರಿರುತ್ತದೆ, ಸಭೆಗೆ ಗಂಡಂದಿರು ಬರುತ್ತಾರೆ. ಇಂತಹ ಸಮಿತಿ ಕಾಯ್ದೆಯ ಅಕ್ಷರವನ್ನು ಪಾಲಿಸಿ ಅದರ ಜೀವವನ್ನು ತೆಗೆಯುತ್ತದೆ.

ಇನ್ನೊಂದು ಆಕ್ಷೇಪವೂ ಇದೆ. ಅಧ್ಯಾಪಕಿಯೇ ಸಮಿತಿಗೆ ಬಂದರೆ ಪ್ರತಿಯೊಂದರಲ್ಲೂ ತಪ್ಪು ಹುಡುಕುತ್ತಾರೆ, ಶಿಕ್ಷಕರಿಗೆ ಕಿರುಕುಳವಾಗುತ್ತದೆ ಎನ್ನುತ್ತಾರೆ. ತಾನು ಸಂಬಳ ಪಡೆಯುವ ಶಾಲೆಯಲ್ಲಿ ಶಿಕ್ಷಕರು ಪೋಷಕರ ಸ್ಥಾನಕ್ಕೆ ನಿಲ್ಲಬಾರದೆಂಬುದನ್ನು ನಾನೂ ಒಪ್ಪುತ್ತೇನೆ. ಲೆಕ್ಕ ಕೊಡುವವರೂ ಕೇಳುವವರೂ ಒಬ್ಬರೇ ಆಗಬಾರದು. ಆದರೆ ಬೇರೆ ಶಾಲೆಯಲ್ಲಿ ಓದುವ ಮಗುವಿನ ತಾಯಿಯಾಗಿ ನಿಂತರೆ ಅಡ್ಡಿಯೇನು? ಶಿಕ್ಷಕರ ಕಷ್ಟವನ್ನು ಆಕೆಗಿಂತ ಚೆನ್ನಾಗಿ ಬಲ್ಲವರು ಯಾರು? ಒಂದೇ ಕೋಣೆಯಲ್ಲಿ ಎರಡು ತರಗತಿ ಕೂರಿಸುವ ಸಂಕಟ, ಪಾಠ ಬಿಟ್ಟು ದಾಖಲೆ ತುಂಬುವ ದಣಿವು ಆಕೆಗೆ ಗೊತ್ತು. ಯಾವುದು ಶಿಕ್ಷಕರ ಅಸಡ್ಡೆ, ಯಾವುದು ಇಲಾಖೆಯ ಕೊರತೆ ಎಂದು ವಿಂಗಡಿಸಿ ಹೇಳಬಲ್ಲವರು ಸಮಿತಿಯಲ್ಲಿದ್ದರೆ ಪ್ರಾಮಾಣಿಕ ಶಿಕ್ಷಕರಿಗೆ ಅದೇ ರಕ್ಷಣೆ.

ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರಗಳಿಗೆ ಮೀಸಲು. ಆ ಚುನಾವಣೆ ಬಂದಾಗ ದಾವಣಗೆರೆಯಲ್ಲಿ ಸಭೆಗಳೇನು, ಕರಪತ್ರಗಳೇನು! ಆದರೆ ಸಂವಿಧಾನದ 171ನೆಯ ವಿಧಿಯಂತೆ ಅಲ್ಲಿ ಮತ ಹಾಕುವವರು ಪ್ರೌಢಶಾಲೆ ಮತ್ತು ಅದಕ್ಕೂ ಮೇಲಿನ ಹಂತದ ಶಿಕ್ಷಕರು ಮಾತ್ರ. ಅಕ್ಷರ ತಿದ್ದಿಸುವ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಮತವಿಲ್ಲ. ಮಕ್ಕಳ ತಂದೆತಾಯಿಗಳಿಗಂತೂ ಮೊದಲೇ ಇಲ್ಲ. ಪ್ರಾಥಮಿಕ ಶಾಲೆಯ ಬಾಗಿಲಿಗೆ ಬರುವ ಏಕೈಕ ಚುನಾವಣೆ ಎಸ್‌ಡಿಎಂಸಿಯದು. ಅದನ್ನೇ ಚಪ್ಪಾಳೆಯಲ್ಲಿ ಮುಳುಗಿಸುತ್ತೇವೆ.

ಸರ್ಕಾರಿ ಶಾಲೆಯ ಮಾತು ಇಷ್ಟಾಯಿತು. ಇನ್ನು ನಮ್ಮ ಮನೆಯ ಮಾತು. ಧರ್ಮಕ್ಷೇತ್ರಗಳೂ ಕನ್ಯಾಸ್ತ್ರೀಯರ ಸಭೆಗಳೂ ನಡೆಸುವ ಶಾಲೆಗಳ ಬಗ್ಗೆ ನಮಗೆ ಹೆಮ್ಮೆಯಿದೆ, ಇರಬೇಕಾದದ್ದೇ. ಆದರೆ ಅಲ್ಲಿ ಪೋಷಕರ ಸ್ಥಾನವೇನು? 2012ರ ತಿದ್ದುಪಡಿಯು ಅಲ್ಪಸಂಖ್ಯಾತ ಶಾಲೆಗಳ ಸಮಿತಿಗೆ ಸಲಹೆ ನೀಡುವ ಕೆಲಸವನ್ನಷ್ಟೇ ಉಳಿಸಿತು. 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಈ ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸುವುದೇ ಇಲ್ಲವೆಂದಿತು. 2025ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿದರು. ನ್ಯಾಯಾಲಯದ ದಾರಿ ಏನೇ ಇರಲಿ, ನಾನು ಕೇಳುವುದು ಬೇರೆ. ಸಂವಿಧಾನದ 30ನೆಯ ವಿಧಿ ನಮಗೆ ಶಾಲೆ ನಡೆಸುವ ಹಕ್ಕು ಕೊಟ್ಟಿದೆ. ಪೋಷಕರು ತಾವೇ ಆರಿಸಿದ ಸಮಿತಿಯನ್ನು ಕರೆದು ಕೂರಿಸಬೇಡಿರೆಂದು ಅದು ಎಲ್ಲಿಯೂ ಹೇಳಿಲ್ಲ. ಶುಲ್ಕ ಕಟ್ಟುವಾಗ ಮತ್ತು ವಾರ್ಷಿಕೋತ್ಸವದ ದಿನ ಮಾತ್ರ ಪೋಷಕರು ನಮಗೆ ಬೇಕೇ? ವೇದಿಕೆಯ ಮೇಲೆ ಸಹಭಾಗಿತ್ವದ ಮಾತನಾಡಿ ಕಚೇರಿಯ ಬಾಗಿಲು ಮುಚ್ಚಿಕೊಂಡರೆ, 'ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ' ಎಂದು ಜನ ಆಡಿಕೊಳ್ಳುವುದರಲ್ಲಿ ತಪ್ಪೇನಿದೆ? ಕಾಯ್ದೆ ಒತ್ತಾಯಿಸುವ ಮೊದಲೇ ನಾವಾಗಿ ಮಾಡಿದರೆ ಅದಕ್ಕೆ ಬೆಲೆ.

ತಲಾಂತನ್ನು ನೆಲದಲ್ಲಿ ಹೂತಿಟ್ಟ ಸೇವಕನನ್ನು ನೆನೆಯಿರಿ. ಅವನು ಕಳ್ಳನಲ್ಲ, ಹೆದರಿದವನು. ಆ ದಿನ ಸಭೆಯಲ್ಲಿ ಒಂದು ಮಾತು, "ಇನ್ನೊಬ್ಬರೂ ನಿಲ್ಲುವವರಿದ್ದಾರೆ, ಕೈ ಎತ್ತಿಸಿ ಎಣಿಸಿರಿ" ಎಂಬ ಒಂದೇ ಮಾತು ನನ್ನ ಬಾಯಿಂದ ಬಂದಿದ್ದರೆ ಸಾಕಿತ್ತು. ಅವರು ಸೋಲುತ್ತಿದ್ದರೋ ಏನೋ. ಆದರೆ ಆ ಎರಡು ಪ್ರಶ್ನೆಗಳು ನಡಾವಳಿ ಪುಸ್ತಕ ಸೇರುತ್ತಿದ್ದವು. ಬೀದಿಯವರ ಮುನಿಸಿಗೆ ಹೆದರಿ ನಾನು ಸುಮ್ಮನಿದ್ದೆ. ಅದಕ್ಕಾಗಿ ಆ ಸಹೋದರಿಯ ಕ್ಷಮೆ ಕೇಳಿದ್ದೇನೆ. ನನ್ನ ಮಗನಿಗೆ ಏನು ಹೇಳಬೇಕೆಂದು ಮಾತ್ರ ಇನ್ನೂ ತಿಳಿದಿಲ್ಲ.

ಆದ್ದರಿಂದ ಓದುಗರೇ, ಮುಂದಿನ ಬಾರಿ ಪೋಷಕರ ಸಭೆಯ ಚೀಟಿ ಮಗುವಿನ ಚೀಲದಲ್ಲಿ ಬಂದಾಗ ಅದನ್ನು ಮಡಚಿ ಎತ್ತಿಡಬೇಡಿರಿ. ಒಂದು ದಿನದ ಕೂಲಿ ಹೋದರೂ ಹೋಗಿರಿ. ನೀವು ಅಧ್ಯಾಪಕರಾಗಿದ್ದು ನಿಮ್ಮ ಮಗು ಬೇರೆ ಶಾಲೆಯಲ್ಲಿದ್ದರೆ ಅಲ್ಲಿ ನೀವೇ ನಿಲ್ಲಿರಿ. ನಿಲ್ಲಲಾಗದಿದ್ದರೆ ನಿಲ್ಲುವವರ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಯಾರಾದರೂ 'ಅವಿರೋಧ' ಎಂದು ಬರೆಯಹೊರಟರೆ ಎದ್ದು ನಿಂತು, "ಸ್ವಲ್ಪ ತಾಳಿರಿ, ಮೊದಲು ಕೇಳಿರಿ" ಎನ್ನಿರಿ. ಚಪ್ಪಾಳೆ ಆಮೇಲೆ ತಟ್ಟೋಣ.