ಸರ್ವರ್ ಸತ್ತರೆ ಶ್ರುತಿ ಎಲ್ಲಿ?

ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯಲ್ಲಿ ಗುಂಡಿ ಮತ್ತು ನಾದ ಎರಡೂ ಒಂದೇ ಡಬ್ಬಿಯಲ್ಲಿರುತ್ತವೆ. ಸೂಪರ್‌ಕೊಲೈಡರ್‌ನಲ್ಲಿ ತಂಬೂರಿ ಕಟ್ಟಿಕೊಂಡರೆ ಹಾಗಲ್ಲ. ಜೇಮ್ಸ್ ಮೆಕ್‌ಕಾರ್ಟ್ನಿ 1996ರಲ್ಲಿ ಹೊರತಂದ ಈ ತಂತ್ರಾಂಶ ಈಗ ಎರಡು ಹೋಳು: ನಾವು ಕೋಡ್ ಬರೆಯೋ ಭಾಷೆ ಒಂದು ಕಡೆ, ನಾದ ಹುಟ್ಟಿಸೋ ಸರ್ವರ್ ಇನ್ನೊಂದು ಕಡೆ. ಒಂದೇ ಲ್ಯಾಪ್‌ಟಾಪ್‌ನಲ್ಲಿದ್ದರೂ ನೆಟ್‌ವರ್ಕ್ ಸಂದೇಶಗಳಲ್ಲೇ ಮಾತು. ಸರ್ವರ್ ಸತ್ತರೂ ಪರದೆ ಮೇಲಿನ ನಿಮ್ಮ ಹಸಿರು ಗುಂಡಿ ಹಸಿರಾಗೇ ಇರುತ್ತೆ.

ಹಿರೇಹಳ್ಳಿಯ ನಮ್ಮ ಮನೆಯಲ್ಲಿ ಇದು ಬರೀ ತಾಂತ್ರಿಕ ವಿಷಯ ಅಲ್ಲ. ಅಮ್ಮ ಸಂಜೆ ಅಕ್ಕಪಕ್ಕದ ಮಕ್ಕಳಿಗೆ ಸಂಗೀತ ಹೇಳಿಕೊಡ್ತಾರೆ. ಕರೆಂಟ್ ಒಂದು ಕ್ಷಣ ಹೋಗಿ ಬಂದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಬದುಕುತ್ತೆ, ಹೊರಗಿನ ಸೌಂಡ್ ಕಾರ್ಡ್ ಆರುತ್ತೆ, ಅದರ ಜೊತೆ ಸರ್ವರೂ. ಸರಳೆ ಹಾಡ್ತಿರೋ ಮಗು ನಿಲ್ಲಿಸಲ್ಲ. ಷಡ್ಜ ಮೆಲ್ಲಗೆ ಕೆಳಗಿಳಿಯುತ್ತೆ. ಅಮ್ಮ ಒಳಗಿಂದ ಕೂಗ್ತಾರೆ: "ಶ್ರುತಿ ಹೋಯ್ತು ನೋಡೋ!" ಹೊಸದಾಗಿ ಕಲಿಯೋ ಕಿವಿಗೆ ಎರಡು ನಿಮಿಷದ ತಪ್ಪು ಶ್ರುತಿಯೂ ಜಾಸ್ತಿಯೇ.

ಒಳಗೆ ಏನಾಗುತ್ತೆ ಅಂದರೆ, ಭಾಷೆಯ ಕಡೆಯಿಂದ ಸುಮಾರು 0.7 ಸೆಕೆಂಡಿಗೊಮ್ಮೆ "ಇದ್ದೀಯಾ?" ಅನ್ನೋ ಪ್ರಶ್ನೆ ಹೋಗುತ್ತೆ. ಸರ್ವರ್ ಉತ್ತರದಲ್ಲಿ ಎಷ್ಟು ಸಿಂತ್ ನಡೀತಿವೆ, ಸಿಪಿಯು ಎಷ್ಟು ಅಂತೆಲ್ಲ ಹೇಳುತ್ತೆ. ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಐದು ಸಲ ಉತ್ತರ ಬರದಿದ್ದರೆ ಸರ್ವರ್ ಹೋಯ್ತು ಅಂತ ಲೆಕ್ಕ. ಅಂದರೆ ಮೂರೂವರೆ ಸೆಕೆಂಡು. ಸಂಗೀತದಲ್ಲಿ ಅದು ಸಣ್ಣ ಹೊತ್ತಲ್ಲ, ಆದರೂ ಪರವಾಗಿಲ್ಲ.

ಇದೇ ಕೆಲಸಕ್ಕೆ ನೀವು ಇನ್ನೊಂದು ಲೂಪ್ ಬರೆಯೋ ಅಗತ್ಯ ಇಲ್ಲ. ಸರ್ವರ್ ವಸ್ತುವಿಗೆ ನಿಮ್ಮ ಗುಂಡಿಯನ್ನ 'ಡಿಪೆಂಡೆಂಟ್' ಆಗಿ ಸೇರಿಸಿದರೆ ಸ್ಥಿತಿ ಬದಲಾದಾಗ ಅದೇ ಸುದ್ದಿ ಮುಟ್ಟಿಸುತ್ತೆ, ಗುಂಡಿ ಕೆಂಪಾಗುತ್ತೆ. ಕಿಟಕಿ ಮುಚ್ಚುವಾಗ ಮಾತ್ರ ಅದನ್ನ ತೆಗೆದುಹಾಕಿ, ಇಲ್ಲದಿದ್ದರೆ ಇಲ್ಲದ ಗುಂಡಿಗೆ ಸುದ್ದಿ ಹೋಗ್ತಾನೇ ಇರುತ್ತೆ.

ತಂಬೂರಿಯನ್ನ ಮತ್ತೆ ಶುರು ಮಾಡೋ ಕೋಡ್ ಎಲ್ಲಿ ಇಡಬೇಕು? ತುಂಬಾ ಜನ 'ಸರ್ವರ್‌ಬೂಟ್'ನಲ್ಲಿ ಇಡ್ತಾರೆ. ನನ್ನ ಪ್ರಕಾರ 'ಸರ್ವರ್‌ಟ್ರೀ' ಸರಿ. ಸರ್ವರ್ ಹೊಸದಾಗಿ ಎದ್ದಾಗಲೂ ಅದು ನಡೆಯುತ್ತೆ, ಕಂಟ್ರೋಲ್ ಮತ್ತು ಚುಕ್ಕಿ ಒತ್ತಿ ಎಲ್ಲಾ ನಾದ ಅಳಿಸಿದ ಮೇಲೂ ನಡೆಯುತ್ತೆ. ಎರಡನೇ ಸಂದರ್ಭದಲ್ಲಿ ಸರ್ವರ್ ಜೀವಂತವಾಗೇ ಇರುತ್ತೆ, ತಂಬೂರಿ ಮಾತ್ರ ಇರಲ್ಲ. ಅದಕ್ಕೇ ನಾನು ಸಿಂತ್ ಸಂಖ್ಯೆಯನ್ನೂ ನೋಡ್ತೀನಿ: ನಾಲ್ಕು ತಂತಿಗೆ ನಾಲ್ಕು. ಅದಕ್ಕಿಂತ ಕಡಿಮೆ ಬಂದರೆ ಗುಂಡಿ ಹಳದಿ.

ಸ್ಪೀಕರ್ ವೈರ್ ಯಾರಾದರೂ ಎಡವಿ ಕಿತ್ತರೆ ಇದ್ಯಾವುದಕ್ಕೂ ಗೊತ್ತಾಗಲ್ಲ. ಆ ಕೆಲಸ ಇನ್ನೂ ಅಮ್ಮನದೇ.